ಎಷ್ಟು ಸಲ ತಿದ್ದೀದಿ?

ರಾಣೇಬೆನ್ನೂರು
18 ನವೆಂಬರ್ 2025, ಮಂಗಳವಾರ

ಹೊಳಿಯಪ್ಪ ಮಾಮಾ ಅವರಿಗೆ ಸೋದರಸೊಸೆ ಅರುಣಾಳ ನಮಸ್ಕಾರ.

ಮಂಗಳವಾರದ ಬಸ್ಸಿಗೆ ಕಳಿಸುವ ಸಾಮಾನಿನ ಚೀಲದಲ್ಲಿ ಈ ಸಲ ಎರಡು ಹೊಸ ಫೈಬರ್ ತಂತಿ, ಒಂದು ಡಬ್ಬಿ ಒರೆಸುವ ಹಾಳೆ, ಮತ್ತು ಈ ಕಾಗದ ಇವೆ. ಹೋದ ಶನಿವಾರ ನಿಮ್ಮಿಂದ ಬಂದ ಚೀಲದ ಮೇಲೆಲ್ಲ ಎಣ್ಣೆಯ ಕಲೆ! ಅತ್ತಿ ಶೇಂಗಾ ಚಟ್ನಿಪುಡಿ ಕಳಿಸಿದ್ದಾರೆಂದು ತಳದವರೆಗೂ ಕೈ ಹಾಕಿ ಹುಡುಕಿದೆ. ಹಳೇ ತಂತಿ ಬಿಟ್ಟರೆ ಏನೂ ಇರಲಿಲ್ಲ. ಹೀಗೆ ಆಸೆ ಹುಟ್ಟಿಸಿ ಮೋಸ ಮಾಡಬಾರದೆಂದು ಅತ್ತಿಗೆ ಹೇಳಿರಿ.

ಫೋನ್ ಮಾಡದೆ ಕಾಗದ ಯಾಕೆ ಅಂತೀರಾ? ಕಂಪನಿ ಫೋನಿನಲ್ಲಿ ಆಡಿದ್ದೆಲ್ಲ ಹಾವೇರಿ ಕಚೇರಿಯಲ್ಲಿ ದಾಖಲಾಗುತ್ತದೆ. ಮನೆಯ ಫೋನಿನಲ್ಲಿ ಲೈನಿನ ಮಾತು ಆಡಬಾರದೆಂದು, ನನ್ನನ್ನು ಈ ಕೆಲಸಕ್ಕೆ ಹಚ್ಚಿದ ದಿನವೇ ನೀವು ಕಟ್ಟಳೆ ಹಾಕಿದ್ದೀರಿ. “ಊಟದ ಮಾತು ಫೋನಿನಾಗ, ಲೈನಿನ ಮಾತು ಕಾಗದದಾಗ.” ಇದು ಲೈನಿನ ಮಾತು.

ದೀಪಾವಳಿ ಆದಮೇಲೆ ಬ್ಯಾಡಗಿ ಇಂಟರ್ನೆಟ್ ಲೈನಿನ ವೇಗ ಹತ್ತು ಪಟ್ಟಾಯಿತಲ್ಲ, ಅಂದಿನಿಂದ ನಿಮ್ಮ ತುದಿಯಲ್ಲಿ ‘ತಿದ್ದಿದ ತಪ್ಪು’ಗಳ ಎಣಿಕೆ ಏರುತ್ತಿದೆ. ಗಾಬರಿಯಾಗಬೇಡಿ, ನನ್ನ ಪರದೆ ಹಸಿರೇ ಇದೆ. ಕಳಿಸುವ ಯಂತ್ರ ಅಂಕಿಗಳ ಜೊತೆಗೆ ಒಂದಿಷ್ಟು ಹೆಚ್ಚಿನ ಅಂಕಿ ಸೇರಿಸಿ ಕಳಿಸುತ್ತದೆ. ದಾರಿಯಲ್ಲಿ ಕೆಲವು ಕೆಟ್ಟರೆ ಈಚೆಯ ಯಂತ್ರ ಆ ಹೆಚ್ಚಿನವನ್ನು ನೋಡಿ, ಕೆಟ್ಟದ್ದನ್ನು ತಾನೇ ತಿದ್ದಿಕೊಳ್ಳುತ್ತದೆ. ಹಳೇ ವೇಗದಲ್ಲಿ ತಂತಿಯ ತುದಿಗೆ ಸ್ವಲ್ಪ ಧೂಳು ಕೂತರೂ ನಡೆಯುತ್ತಿತ್ತು, ಈಗ ನಡೆಯುವುದಿಲ್ಲ. ಒಂದು ಸಲ ತುದಿ ಒರೆಸಿ, ದೊಡ್ಡದು ಮಾಡಿ ತೋರಿಸುವ ಆ ಸ್ಕೋಪಿನಲ್ಲಿ ನೋಡಿ ಹಾಕಿಬಿಡಿ. ಅಷ್ಟೇ.

ಅರುಣಾ


ಬ್ಯಾಡಗಿ
22 ನವೆಂಬರ್ 2025, ಶನಿವಾರ

ಅರುಣಾಗ ಮಾಮಾನ ಆಶೀರ್ವಾದ.

ಅಕ್ಷರ ನಿಮ್ಮ ಅತ್ತಿದು, ಮಾತು ನಂದು. ನನ್ನ ಕಣ್ಣಿನ ಚಾಳೀಸು ಒಡದೈತಿ, ಹಾವೇರಿಗೆ ರಿಪೇರಿಗೆ ಕೊಟ್ಟೇನಿ. ಅಲ್ಲೀಮಟ ಓದಾಕಿನೂ ಬಸವಣ್ಣೆವ್ವನ, ಬರಿಯಾಕಿನೂ ಬಸವಣ್ಣೆವ್ವನ.

ಒರಸೇನಿ. ನೀ ಹೇಳೂದಕ್ಕಿಂತ ಮೊದಲ ಒರಸೇನಿ. ನಿನ್ನ ಕಾಗದ ಬಂದ ಮ್ಯಾಲೆ ಇನ್ನೊಮ್ಮೆ ಒರಸೇನಿ. ಮೂವತ್ತು ವರ್ಷ ತಂತಿ ಜೋಡಿಸಿದ ಕೈ ಇದು, ಇದಕ್ಕ ಒರಸೂದು ಕಲಸಾಕತ್ತೀಯೇನವಾ? ನಮ್ಮ ಯಂತ್ರದ ಖೋಲಿ ಎಲ್ಲೈತಿ ಅನ್ನೂದು ನಿನಗ ಗೊತ್ತಲ್ಲ, ಕೋಲ್ಡ್ ಸ್ಟೋರೇಜಿನ ಹೊಟ್ಟ್ಯಾಗ. ಸುತ್ತ ಮೆಣಸಿನಕಾಯಿ ಚೀಲ, ಮಾಳಗಿಮಟ. ಘಾಟಿಗೆ ಹೊಸಬ್ರು ಸೀನಿ ಸೀನಿ ಹಣ್ಣಾಗತಾರ. ನಾ ಸೀನೂದಿಲ್ಲ. ಇಲ್ಲಿ ಮೇಲ್ವಿಚಾರಣಿ ನೋಡೂ ಕಾಸೀಮಸಾಬ ಕೇಳತಾನ, “ಹೊಳಿಯಪ್ಪ, ತಂತಿಗಿದ್ದಂಗ ನಿನ್ನ ಮೂಗಿಗೂ ಪ್ಲಾಸ್ಟಿಕ್ ಸುತ್ತಿಸೀಯೇನೋ?” ಅಂತ.

ನಿನ್ನ ಯಂತ್ರದ ಕಥಿ ಮಾತ್ರ ತಿಳೀತು. ನಮ್ಮ ಮೇಡ್ಲೇರಿ ಭಜನಿ ನೆನಪೈತಿಲ್ಲೋ? ಮುಂದ ಕುಂತು ಹಾಡೂ ಮೈಲಾರೆಪ್ಪಜ್ಜ ನಡುವ ನಡುವ ಮಾತು ಮರೀತಿದ್ದ. ಹಿಂದ ಹಿಮ್ಮೇಳದಾಗಿದ್ದ ನಾವು ಆ ಮಾತು ಎತ್ತಿ ಕೊಡತಿದ್ವಿ. ಕೇಳಾವ್ರಿಗೆ ಗೊತ್ತ ಆಗತಿದ್ದಿಲ್ಲ. ನಿನ್ನ ಯಂತ್ರನೂ ಹಿಮ್ಮೇಳನ ಹೌದಲ್ಲೋ? ಸಾಲದಿದ್ರ ಇನ್ನ ನಾಕು ಮಂದಿ ಕುಂದ್ರಸು ಹಿಂದ, ಅದಕ್ಯಾಕ ಚಿಂತಿ.

ಒಂದ ಮಾತು. ಮಾರ್ಚ್‌ದಾಗ ನನ್ನ ಕರಾರು ಮುಗೀತೈತಿ. ಹಾವೇರಿ ಆಫೀಸಿನ ಕಿರಣಕುಮಾರ ಸಾಹೇಬ್ರು ಇನ್ನೆರಡು ವರ್ಷ ಮುಂದುವರಸೂ ವಿಚಾರದಾಗ ಅದಾರ. ಇಂಥಾದ್ರಾಗ ‘ಬ್ಯಾಡಗಿ ತುದಿ ಹೊಲಸೈತಿ’ ಅನ್ನೂ ಮಾತು ಹಾವೇರಿ ಮುಟ್ಟೂದು ಬ್ಯಾಡ. ಈ ಕೆಲಸ ಬಿಟ್ಟು ಮನ್ಯಾಗ ಕುಂತ್ರ ನಾ ಯಾರು ಅಂತ ನನಗ ತಿಳಿಯಂಗಿಲ್ಲ.

ಹೊಳಿಯಪ್ಪ

(ಚಟ್ನಿಪುಡಿ ನಾ ಹೋದ ಸಲ ಕಳಸಿದ್ದಿಲ್ಲವಾ. ಈ ಸಲ ಕಳಸೇನಿ. ಆ ಎಣ್ಣಿ ಎಲ್ಲಿಂದ ಬಂತೋ ನನಗೂ ತಿಳೀಲಿಲ್ಲ. ನಿಮ್ಮತ್ತಿ.)


ರಾಣೇಬೆನ್ನೂರು
9 ಡಿಸೆಂಬರ್ 2025, ಮಂಗಳವಾರ

ಮಾಮಾಗೆ ನಮಸ್ಕಾರ.

ಚಟ್ನಿಪುಡಿ ಎರಡೇ ದಿನಕ್ಕೆ ಖಾಲಿ. ಕಂಟ್ರೋಲ್ ರೂಮಿನಲ್ಲಿ ನನ್ನ ಜೊತೆ ಕೂರುವ ಪುಷ್ಪಲತಾ ಬೆರಳಿನಿಂದ ಡಬ್ಬಿ ಕೆರೆದಳು.

ಭಜನೆಯ ಹೋಲಿಕೆ ಎಷ್ಟು ಸರಿಯಾಗಿದೆಯೆಂದರೆ, ನಾಲ್ಕು ವರ್ಷದ ಕಾಲೇಜಿನಲ್ಲಿ ನನಗೆ ಯಾರೂ ಹಾಗೆ ಹೇಳಿಕೊಡಲಿಲ್ಲ. ಆದರೆ ಹಿಮ್ಮೇಳಕ್ಕೆ ಇನ್ನೂ ನಾಲ್ಕು ಮಂದಿ ಕೂರಿಸು ಅಂದಿರಲ್ಲ, ಅಲ್ಲೇ ತೊಡಕು. ಹೆಚ್ಚಿನ ಅಂಕಿ ಜಾಸ್ತಿ ಮಾಡಿದಷ್ಟೂ ಅವೇ ದಾರಿ ತುಂಬಿಕೊಳ್ಳುತ್ತವೆ, ಕೆಲಸದ ಮಾತಿಗೆ ಜಾಗ ಉಳಿಯುವುದಿಲ್ಲ. ತಿದ್ದಬೇಕಾದರೆ ಅಂಕಿಗಳ ಒಂದು ಕಂತು ಪೂರ್ತಿ ಬರುವವರೆಗೆ ಯಂತ್ರ ಕಾಯಬೇಕು. ಕಂತು ದೊಡ್ಡದಾದಷ್ಟೂ ತಡ. ಈ ವೇಗದಲ್ಲಿ ಲೆಕ್ಕ ಹಾಕುತ್ತಾ ಹಾಕುತ್ತಾ ಯಂತ್ರ ಹೆಂಚಿನ ಹಾಗೆ ಕಾಯುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಇದ್ದೇ ಇದೆ. ಒಂದು ಕಂತಿನಲ್ಲಿ ಹದಿನೈದು ತಪ್ಪು ತಿದ್ದುವ ಯಂತ್ರ ಹದಿನಾರನೆಯದಕ್ಕೆ ಕೈ ಚೆಲ್ಲುತ್ತದೆ. ಹದಿನಾರರಲ್ಲಿ ಹದಿನೈದನ್ನಾದರೂ ತಿದ್ದೋಣ ಎಂಬ ಮಾತಿಲ್ಲ, ಇಡೀ ಕಂತೇ ಹೋಯಿತು.

ನಿಮ್ಮ ಎಣಿಕೆ ಇಳಿದಿಲ್ಲ ಮಾಮಾ, ಇನ್ನೂ ಏರಿದೆ. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆಯ ದಿನ. ಸುಗ್ಗಿ ಬಂತೆಂದರೆ ಅಂಗಡಿಯವರೆಲ್ಲ ನಮ್ಮ ಲೈನಿನ ಮೇಲೇ ರಾಶಿಗಳಿಗೆ ಬೆಲೆಯ ಟೆಂಡರ್ ಹಾಕುವವರು. ದಯವಿಟ್ಟು ಇನ್ನೊಮ್ಮೆ ಒರೆಸಿ. ಪರದೆ ಹಸಿರಾಗಿಯೇ ಇರುತ್ತದೆ, ಅದರ ಜವಾಬ್ದಾರಿ ನನ್ನದು. ಹಾವೇರಿಗೆ ಏನೂ ಹೋಗುವುದಿಲ್ಲ.

ಅರುಣಾ


ಬ್ಯಾಡಗಿ
13 ಡಿಸೆಂಬರ್ 2025, ಶನಿವಾರ

ಅರುಣಾಗ ಆಶೀರ್ವಾದ.

ಒರಸೇನಿ ಅಂದ್ರ ಒರಸೇನಿ. ಬುಧವಾರ ಒರಸೇನಿ, ಶುಕ್ರವಾರ ಒರಸೇನಿ. ಇನ್ನ ಎಷ್ಟು ಸಲ ಹೇಳಲಿ?

ಸ್ಕೋಪ್ ಹಳೇದಾಗೈತಿ, ಒಳಗ ಮಂಜು ಮಂಜು ಕಾಣತೈತಿ. ಹೊಸಾದು ಇದ್ರ ಕಳಸು. ಚಾಳೀಸು ಇನ್ನೂ ಬಂದಿಲ್ಲ. ನಿಮ್ಮ ಆಫೀಸಿನ್ಯಾಗ ಯಾರರ ಹೊಸಬರನ್ನ ಬ್ಯಾಡಗಿಗೆ ತರೂ ವಿಚಾರ ನಡದಿದ್ರ ನೇರ ಹೇಳು. ಎಣಿಕಿ ತೋರಿಸಿ ಹೆದರಸೂದು ಬ್ಯಾಡ.

ಹೊಳಿಯಪ್ಪ

(ಸಿಟ್ಟಿಲ್ಲವಾ ಅವ್ರಿಗೆ. ಊಟ ತಡಾ ಆಗಿತ್ತು. ನಿಮ್ಮತ್ತಿ.)


ರಾಣೇಬೆನ್ನೂರು
20 ಜನವರಿ 2026, ಮಂಗಳವಾರ

ಹೊಳಿಯಪ್ಪ ಅವರಿಗೆ,

ನಿನ್ನೆ ಸೋಮವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷದವರೆಗೆ ಪರದೆ ಹಸಿರಿತ್ತು. ಹನ್ನೊಂದನೇ ನಿಮಿಷಕ್ಕೆ ಬ್ಯಾಡಗಿಯೇ ಇಲ್ಲ. ನಡುವೆ ನಿಧಾನವಾಗಲಿಲ್ಲ, ತಡವರಿಸಲಿಲ್ಲ. ಇತ್ತು, ಹೋಯಿತು. ಟೆಂಡರ್ ಹಾಕುವ ಹೊತ್ತಿಗೆ ನಮ್ಮ ಲೈನಿನ ಅಂಗಡಿಗಳೆಲ್ಲ ಕಣ್ಣು ಮುಚ್ಚಿದವು. ಗುತ್ತಲದ ಕಡೆಯಿಂದ ಬಂದ ರೈತರು ತಮ್ಮ ರಾಶಿಗಳ ಹತ್ತಿರ ಕೂತೇ ಇದ್ದರು, ಸಂಜೆಯ ಬಸ್ಸು ತಪ್ಪಿತು. ಕಿರಣಕುಮಾರ ಸರ್ ಹಾವೇರಿಯಿಂದ ತಾವೇ ಬಂದು ಹೊಸ ತಂತಿ ಹಾಕಿದರು. ನೀವು ಅಲ್ಲೇ ನಿಂತಿದ್ದಿರಂತೆ.

ಫೆಬ್ರುವರಿ ಮೂರಕ್ಕೆ ನಾನು ವರದಿ ಬರೆದು ಕೊಡಬೇಕು. ತಪ್ಪು ಯಂತ್ರದ್ದೋ, ಕೈಯದ್ದೋ.

ಎರಡು ತಿಂಗಳಿಂದ ‘ಒರಸೇನಿ’ ಎನ್ನುತ್ತಾ ಬಂದಿರಿ. ನೀವು ತಂತಿ ಕಳಚಿ ಮತ್ತೆ ಸಿಕ್ಕಿಸಿದ್ದು ಮಾತ್ರ ನನ್ನ ಪರದೆಯಲ್ಲಿ ಕಾಣುತ್ತದೆ. ಒರೆಸಿದ್ದರೆ ಎಣಿಕೆ ಇಳಿಯಬೇಕಿತ್ತು, ಪ್ರತಿ ಸಲವೂ ಏರಿದೆ. ನೀವು ಒರೆಸಿಲ್ಲ. ಒರೆಸಿದೆ ಎಂದು ಸುಳ್ಳು ಹೇಳಿದ್ದೀರಿ. ಈ ಕೆಲಸ ನನಗೆ ಕಲಿಸಿದವರು ನೀವೆಂದು ಇನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ?

ಅರುಣಾ


ಬ್ಯಾಡಗಿ
24 ಜನವರಿ 2026, ಶನಿವಾರ

ಅರುಣಾಗ ಮಾಮಾನ ಆಶೀರ್ವಾದ.

ಬಸವಣ್ಣೆವ್ವ ನಿನ್ನ ಕಾಗದ ಓದಿ ಹೇಳಿದ್ಲು. ಇಷ್ಟೆಲ್ಲ ಆದ ಮ್ಯಾಲೂ ನೀ ಒಂದು ಬಿರುಸು ಮಾತು ಆಡಲಿಲ್ಲ. “ಮಾಮಾ, ನೀವು ಒರಸೂದು ಹೆಂಗ, ಬಾಗಲದಿಂದ ಹಿಡದು ಒಂದೊಂದ ಬರದು ಕಳಸ್ರಿ” ಅಂತ ಅಷ್ಟ ಕೇಳೀದಿ. ನಿನ್ನ ತಾಳ್ಮಿ ನಿಮ್ಮವ್ವಂದು ಅಂತ ಅಂದೆ. ನನ್ನ ತಂಗಿನೂ ಹಂಗ ಇದ್ಲು, ಎಷ್ಟು ತ್ರಾಸಾದ್ರೂ ದನಿ ಏರಸ್ತಿದ್ದಿಲ್ಲ. ಸೋಮವಾರದಿಂದ ಹೊಟ್ಟಿತುಂಬ ಉಂಡಿದ್ದಿಲ್ಲ. ಕಾಗದ ಕೇಳಿದ ಮ್ಯಾಲೆ ರೊಟ್ಟಿ ಉಂಡೆ.

ಬರಸ್ತೇನಿ, ಕೇಳು. ಕೋಲ್ಡ್ ಸ್ಟೋರೇಜಿನ ಬಾಗಲಾಗ ಒಂದು ಬಟ್ಟಲ ಕೊಬ್ಬರಿ ಎಣ್ಣಿ ಇಟ್ಟಿರತಾರ. ಒಳಗ ಹೋಗಾವ್ರು ಎರಡೂ ಕೈಗೆ ತಿಕ್ಕೋಬೇಕು, ಇಲ್ಲಂದ್ರ ಮೆಣಸಿನಕಾಯಿ ಖಾರಕ್ಕ ಕೈ ಸಂಜೀಮಟ ಉರೀತಾವ. ತೊಟ್ಟು ಬಿಡಸೂ ಹೆಣ್ಮಕ್ಕಳು, ಹಮಾಲರು, ಕಾಸೀಮಸಾಬ, ನಾನು, ಎಲ್ಲಾರೂ ಹಂಗ. ಹಚ್ಚಿ, ಪ್ಯಾಂಟಿಗೆ ಕೈ ಒರಸಿ, ನಮ್ಮ ಖೋಲಿಗೆ ಹೋಗತೇನಿ. ತಂತಿ ಕಳಚತೇನಿ. ನೀ ಕಳಿಸಿದ ಹಾಳಿ ತಗೊಂಡು ತುದಿ ಮೂರು ಸಲ ಒರಸ್ತೇನಿ. ಬೆರಳಿಂದ ಮುಟ್ಟಿ ನೋಡತೇನಿ. ನುಣ್ಣಗ ಹತ್ತಿದ್ರ ಹಾಕತೇನಿ.

ನವೆಂಬರದಿಂದ ಹದಿನಾಕು ಸಲ ಹಿಂಗ ಮಾಡೇನಿ. ಒಂದ ಸಲನೂ ತಪ್ಪಿಸಿಲ್ಲ.

ಹೊಳಿಯಪ್ಪ


ರಾಣೇಬೆನ್ನೂರು
27 ಜನವರಿ 2026, ಮಂಗಳವಾರ

ಮಾಮಾಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಓದಿ, ಭಾನುವಾರದ ರಜೆಯಲ್ಲಿ ಹಾವೇರಿಗೆ ಹೋಗಿ ಕಿರಣಕುಮಾರ ಸರ್ ಹತ್ತಿರವಿದ್ದ ಹಳೇ ತಂತಿ ಕೇಳಿದೆ. ಅವರು ಕವರಿನಿಂದ ತೆಗೆದು ಕೊಟ್ಟರು. ಸ್ಕೋಪಿನಲ್ಲಿ ಇಟ್ಟು ನೋಡಿದೆ. ತುದಿಯ ಮೇಲೆ ಎಣ್ಣೆಯ ಪೊರೆ, ಅದರಲ್ಲಿ ಅಂಟಿಕೊಂಡ ಕೆಂಪು ಪುಡಿ. ಕೂದಲಿಗಿಂತ ಸಣ್ಣ ಬೆಳಕಿನ ದಾರಿಗೆ ಅಷ್ಟು ಅಡ್ಡವಾದರೆ ಸಾಕು.

ನೀವು ಒರೆಸಿದ್ದೀರಿ ಮಾಮಾ. ಹದಿನಾಲ್ಕು ಸಲವೂ ಒರೆಸಿದ್ದೀರಿ. ಒಂದೊಂದು ಸಲ ಒರೆಸಿದಾಗಲೂ ಒಂದು ಪದರು ಎಣ್ಣೆ ಹಚ್ಚಿದ್ದೀರಿ. ನಾನು ‘ಒರೆಸಿ ಒರೆಸಿ’ ಎಂದು ಬೆನ್ನು ಹತ್ತಿದಷ್ಟೂ ಕೊಳೆ ಹೆಚ್ಚಾಯಿತು. ನವೆಂಬರಿನಲ್ಲಿ ಚೀಲದ ಮೇಲಿನ ಎಣ್ಣೆ ಕಲೆ ನೋಡಿ ಚಟ್ನಿ ಹುಡುಕಿದೆನಲ್ಲ, ನನ್ನ ತಲೆಗೆ ಏನನ್ನಬೇಕು!

ಈಗ ನಾನು ಮುಚ್ಚಿಟ್ಟದ್ದು ಹೇಳುತ್ತೇನೆ. ಡಿಸೆಂಬರಿನಲ್ಲೇ ನಿಮ್ಮ ತುದಿ ನನ್ನ ಪರದೆಯಲ್ಲಿ ಹಳದಿಗೆ ತಿರುಗಬೇಕಿತ್ತು. ಹಳದಿ ಆದರೆ ಕಿರಣಕುಮಾರ ಸರ್‌ಗೆ ಸಂದೇಶ ಹೋಗುತ್ತದೆ. ನಿಮ್ಮ ಕರಾರು ನೆನಪಾಗಿ, ಹಳದಿಯ ಮಿತಿಯನ್ನು ಎತ್ತರಕ್ಕೆ ಏರಿಸಿಬಿಟ್ಟೆ. ಆಮೇಲೆ ಎಷ್ಟು ಏರಿದರೂ ಹಸಿರೇ. ಯಂತ್ರ ತಿದ್ದುತ್ತಿತ್ತು, ನಾನು ಮುಚ್ಚುತ್ತಿದ್ದೆ. ಎಚ್ಚರಿಕೆ ಕೊಡಬೇಕಾದ ದೀಪವನ್ನೇ ಆರಿಸಿ ಕೂತಿದ್ದೆ.

ಒಂದು ತಿಳಿಯಲಿಲ್ಲ. ಬೆರಳಿನಿಂದ ಮುಟ್ಟಿ ನೋಡತೇನಿ ಅಂದಿರಲ್ಲ, ಸ್ಕೋಪ್ ಎಲ್ಲಿ? ತುದಿಯನ್ನು ಬೆರಳಿನಿಂದ ಮುಟ್ಟಿದರೆ ಕೈ ಮೇಲೆ ಹೊಡೆಯುತ್ತಿದ್ದವರು ನೀವು. ಕನ್ನಡಕ ಎರಡು ತಿಂಗಳಿಂದ ರಿಪೇರಿಯಲ್ಲಿದೆಯೇ? ಯಾಕೋ ಭಯವಾಗುತ್ತಿದೆ.

ವರದಿಯ ಕರಡು ಈ ಚೀಲದಲ್ಲೇ ಇದೆ. ‘ಯಂತ್ರದ ದೋಷ’ ಎಂದು ಬರೆದಿದ್ದೇನೆ. ನೀವು ಹೂಂ ಅಂದರೆ ಹಾಗೇ ಕೊಟ್ಟುಬಿಡುತ್ತೇನೆ.

ಅರುಣಾ

ಈ ಕೆಳಗಿನದು ಅತ್ತಿಗೆ ಮಾತ್ರ. ಅತ್ತಿ, ಹೋದ ವಾರ ನಾನು ಬರೆದದ್ದೇನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ಕಾಗದ ಒಲೆಗೆ ಹಾಕಿಬಿಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.


ಬ್ಯಾಡಗಿ
31 ಜನವರಿ 2026, ಶನಿವಾರ

ಅರುಣಾಗ ಆಶೀರ್ವಾದ.

ಚಾಳೀಸು ಒಡದಿಲ್ಲವಾ. ರಿಪೇರಿಗೂ ಕೊಟ್ಟಿಲ್ಲ. ಗೂಟಕ್ಕ ತೂಗಬಿಟ್ಟೈತಿ. ಕಣ್ಣಾಗ ಪೊರಿ ಬಂದೈತಿ, ಎರಡೂ ಕಣ್ಣಾಗ. ವರ್ಷದ ಮ್ಯಾಲಾತು. ಸ್ಕೋಪಿನ್ಯಾಗ ಬಗ್ಗಿ ನೋಡಿದ್ರ ಹಾಲು ಚೆಲ್ಲಿಧಂಗ ಕಾಣತಿತ್ತು. ಸ್ಕೋಪ್ ಕೆಟ್ಟೈತಿ ಅಂತ ನನಗ ನಾನ ಹೇಳಿಕೊಂಡೆ. ಕಣ್ಣು ಹೋದ ಲೈನ್‌ಮನ್‌ನ ಯಾರು ಇಟ್ಕೋತಾರ? ಅದಕ್ಕ ಬೆರಳಿಗೆ ಕಣ್ಣಿನ ಕೆಲಸ ಹಚ್ಚಿದೆ. ದವಾಖಾನಿಗೆ ಹೋದ್ರ ಹದಿನೈದು ದಿನ ರಜಾ ಹಾಕಬೇಕು, ರಜಾ ಯಾಕ ಅಂತ ಕೇಳಿದ್ರ ಏನು ಹೇಳಲಿ ಅಂತ ಅದನ್ನೂ ಮುಂದೂಡಿದೆ.

ಮೈಲಾರೆಪ್ಪಜ್ಜನ ಕಥಿ ಅರ್ಧ ಹೇಳಿದ್ದೆ, ಉಳದದ್ದು ಕೇಳು. ಅಂವ ಮರೀತಾನ ಅಂತ ನಮಗೆಲ್ಲಾ ಗೊತ್ತಿತ್ತು, ಅಂವಗ ಒಬ್ರೂ ಹೇಳಲಿಲ್ಲ. ಹಿರಿಯ, ನೋವು ಮಾಡ್ಕೋತಾನ ಅಂತ. ವಾರಕ್ಕೆರಡು ಮಾತು ಮರೀತಿದ್ದಾಂವ ಹತ್ತು ಮರಿಯಾಕ ಹತ್ತಿದ. ಎತ್ತಿ ಕೊಡತಿದ್ವಿ. ಒಂದು ಸೋಮವಾರ ಸಾಲಿಗೆ ಸಾಲ ಮರತ. ಹಿಮ್ಮೇಳದಾಗ ನಾ ಒಂದು ಪದ ಎತ್ತಿದೆ, ಬಾಜೂಕ ಕುಂತ ಹುಲಿಗೇಶ ಇನ್ನೊಂದು ಎತ್ತಿದ, ಮತ್ತೊಬ್ಬ ಮತ್ತೊಂದು. ತಾಳ ನಿಂತು ಬಿಡ್ತು. ಕುಂತ ಮಂದಿ ಎದ್ದು ಹೋದ್ರು. ಅಜ್ಜ ತಿರುಗಿ ನಮ್ಮನ್ನ ನೋಡಿ, “ಎಷ್ಟ ದಿನದಿಂದ?” ಅಂದ. ಮೊದಲ ಹೇಳಿದ್ರ ಪುಸ್ತಕ ಮುಂದಿಟ್ಕೊಂಡು ಹಾಡತಿದ್ದ, ಅದಕ್ಕೇನು ಅಡ್ಡಿ ಇತ್ತು? ಆಮ್ಯಾಲೆ ಅಂವ ಭಜನಿಗೆ ಬರಲಿಲ್ಲ.

ನಿನ್ನ ಕರಡು ಹರದೇನಿ. ಇದ್ದದ್ದು ಇದ್ದಂಗ ಬರಿ. ಎಣ್ಣಿ ಬರಿ, ಕಣ್ಣು ಬರಿ, ನೀ ಮಿತಿ ಏರಿಸಿದ್ದೂ ಬರಿ. ನಿನಗ ಬೈತಾರ, ಬೈಸ್ಕೊ. ನಾ ಇವತ್ತ ಕಿರಣಕುಮಾರ ಸಾಹೇಬ್ರಿಗೆ ಫೋನಿನಾಗ ಎಲ್ಲಾ ಹೇಳೇನಿ. ದಾಖಲಾಗಲಿ.

ಹೊಳಿಯಪ್ಪ

(ಆ ಕಾಗದ ಒಲಿಗೆ ಹಾಕು ಅಂದಿ, ಹಾಕಲಿಲ್ಲ. ಕಾಗದ ಸುಡಬಾರದು ಅಂತ ಇವ್ರ ಕಟ್ಟಳಿ. ನಿಮ್ಮತ್ತಿ.)


ರಾಣೇಬೆನ್ನೂರು
10 ಮಾರ್ಚ್ 2026, ಮಂಗಳವಾರ

ಮಾಮಾಗೆ ನಮಸ್ಕಾರ.

ಆಪರೇಷನ್ ಆದ ಎರಡನೇ ಕಣ್ಣಿನ ಪಟ್ಟಿಯೂ ಬಿಚ್ಚಿದರೆಂದು ಅತ್ತಿ ಫೋನಿನಲ್ಲಿ ಹೇಳಿದರು. ಅದು ಊಟದ ಮಾತಿನ ಲೆಕ್ಕಕ್ಕೇ ಬಂತೆಂದು ಇಬ್ಬರೂ ಮಾತಾಡಿದೆವು, ಕ್ಷಮಿಸಿ. ಔಷಧಿ ಬಿಡುವಾಗ ಹಠ ಮಾಡುತ್ತೀರಂತೆ.

ವರದಿ ಇದ್ದದ್ದು ಇದ್ದ ಹಾಗೇ ಹೋಯಿತು. ನನಗೆ ಬರವಣಿಗೆಯಲ್ಲಿ ಎಚ್ಚರಿಕೆ ಬಂದಿದೆ, ಮಿತಿ ಮುಟ್ಟುವ ಅಧಿಕಾರ ಕಿತ್ತುಕೊಂಡಿದ್ದಾರೆ. ಸಿಟ್ಟು ಬರಲಿಲ್ಲ, ಹಗುರವಾಯಿತು. ಮಿತಿ ಹಳೇ ಜಾಗಕ್ಕೆ ಇಳಿದಿದೆ. ಈಗ ಪರದೆ ಆಗಾಗ ಹಳದಿಯಾಗುತ್ತದೆ. ಆದಾಗ ಯಾರಾದರೂ ಎದ್ದು ಹೋಗಿ ನೋಡುತ್ತಾರೆ, ಅಷ್ಟೇ. ನಮ್ಮ ಖೋಲಿಯ ಬಾಗಿಲಲ್ಲಿ ಸಾಬೂನು, ಕೈಗವಸು ಇಟ್ಟಿದ್ದಾರೆ. ಕಾಸೀಮಸಾಬ ಅದಕ್ಕೆ ‘ಹೊಳಿಯಪ್ಪನ ಕಟ್ಟಿ’ ಎಂದು ಹೆಸರಿಟ್ಟಿದ್ದಾರಂತೆ.

ಕಿರಣಕುಮಾರ ಸರ್ ಒಂದು ಮಾತು ಹೇಳಿದರು: “ಹತ್ತು ತುದಿ ಸ್ಕೋಪಿನ್ಯಾಗ ತೋರಸ್ತೇನಿ. ಹೊಲಸು ಯಾವುದು, ಸ್ವಚ್ಛ ಯಾವುದು ಹೊಳಿಯಪ್ಪ ಹೇಳಲಿ. ಹೇಳಿದ್ರ ಕರಾರು ಮುಂದುವರೀತೈತಿ.” ಗುರುವಾರ ಬರುತ್ತಾರೆ. ಅಲ್ಲಿಯವರೆಗೆ ಔಷಧಿ ತಪ್ಪಿಸಬೇಡಿ.

ಅರುಣಾ


ಬ್ಯಾಡಗಿ
14 ಮಾರ್ಚ್ 2026, ಶನಿವಾರ

ಅರುಣಾಗ ಮಾಮಾನ ಆಶೀರ್ವಾದ.

ಈ ಅಕ್ಷರ ನಂದ. ಕೋಳಿ ಕಾಲು ಅನಬ್ಯಾಡ, ರೂಢಿ ತಪ್ಪೈತಿ.

ಸಾಹೇಬ್ರು ಬಂದಿದ್ರು. ಒಂಬತ್ತು ತುದಿ ಸರಿ ಹೇಳಿದೆ. ಹತ್ತನೇದು ನೋಡಿ, “ಸಾಹೇಬ್ರ, ತುದಿ ಸ್ವಚ್ಛ ಐತಿ, ನಿಮ್ಮ ಸ್ಕೋಪಿನ ಗಾಜಿಗೆ ಧೂಳ ಕುಂತೈತಿ” ಅಂದೆ. ಅವ್ರು ಗಾಜು ಒರಸಿ ತಾವ ನೋಡಿದ್ರು. ನಕ್ಕು ಸಹಿ ಮಾಡಿದ್ರು. ಎರಡು ವರ್ಷ.

ಮನಿಗೆ ಬಂದು, ಕಣ್ಣು ಬಂದ ಖುಷಿಗೆ ಏನರ ಓದೂಣು ಅಂತ ನಿನ್ನ ಕಾಗದದ ಕಟ್ಟು ಬಿಚ್ಚಿದೆ. ಒಂದೊಂದ ಓದಕೋತ ಬಂದೆ. ಜನವರಿ ಇಪ್ಪತ್ತರದ್ದು ಕೈಗೆ ಬಂತು. ಮ್ಯಾಲ ‘ಹೊಳಿಯಪ್ಪ ಅವರಿಗೆ’ ಅಂತ ಇತ್ತು. ‘ಮಾಮಾ’ ಇರಲಿಲ್ಲ. ಬಸವಣ್ಣೆವ್ವ ಓದುಮುಂದ ‘ಮಾಮಾ’ ಇತ್ತು. ತಳಗ ಓದಿದೆ. ಸುಳ್ಳು ಹೇಳಿದ್ದೀರಿ ಅನ್ನೂದು ಓದಿದೆ. ಯಾವ ಮುಖ ಅನ್ನೂದೂ ಓದಿದೆ. ಕುಂತಲ್ಲೆ ಕುಂತೆ. ನಿಮ್ಮವ್ವನ ತಾಳ್ಮಿ ಅಂತ ಹೊಗಳಿದ್ನಲ್ಲ ನಾ ನಿನ್ನ, ಅದು ನೆನಪಾಗಿ ನಗಿನೂ ಬಂತು, ಕಣ್ಣಾಗ ನೀರೂ ಬಂತು. ಡಾಕ್ಟರು ಅಳಬ್ಯಾಡ ಅಂದಾರ. ಅವತ್ತ ಅದನ್ನ ಇದ್ದಂಗ ಕೇಳಿದ್ರ ನಾ ನಿನಗ ಮತ್ತ ಕಾಗದ ಬರಸ್ತಿದ್ದಿಲ್ಲ. ಎಣ್ಣಿ ಬಟ್ಟಲದ ಮಾತೂ ಹೊರಗ ಬರತಿದ್ದಿಲ್ಲ. ಇನ್ನ ಮ್ಯಾಲೆ ನಿನ್ನ ಕಾಗದ ನಾನ ಓದತೇನಿ. ಬೈಯೂದಿದ್ರ ಬೈ, ಆದ್ರ ಮಾಮಾ ಅಂತ ಬರದು ಬೈ.

ಬಸವಣ್ಣೆವ್ವ ಒಲಿ ಮುಂದ ರೊಟ್ಟಿ ಬಡೀತಿದ್ಲು. ಕಾಗದ ಹಿಡಕೊಂಡು ಹೋಗಿ ಮುಂದ ನಿಂತೆ. ನೋಡಿದ್ಲು, ತಿಳಕೊಂಡ್ಲು. “ಇದ್ದಂಗ ಓದಿದ್ರ ಮಾವ-ಸೊಸಿ ಇವತ್ತಿಗೂ ಮಾರಿ ನೋಡತಿದ್ದಿಲ್ಲ” ಅಂದು ರೊಟ್ಟಿ ತಿರುವಿ ಹಾಕಿದ್ಲು.

“ಲಗ್ನ ಆಗಿ ಮೂವತ್ತು ವರ್ಷ ಆತು. ಎಷ್ಟು ಸಲ ಹಿಂಗ ತಿದ್ದೀದಿ?” ಅಂತ ಕೇಳಿದೆ.

“ಎಣಿಸಿಲ್ಲ” ಅಂದ್ಲು.

ನಿನ್ನ ಮಾಮಾ,
ಹೊಳಿಯಪ್ಪ